ಫಿನ್‌ಲ್ಯಾಂಡಿನ ನಮ್ಮಾಕಿ

ದಾಂಡೇಲಿ

ದೂರದ ಊರಿಗೆ ಹೊರಟವರಿಗೆ ಎಲ್ಲರೂ ಹುಷಾರಾಗಿ ಹೋಗಿ ಬಾ ಎನ್ನುತ್ತಾರೆ. ನನ್ನ ನೆಗೆಣ್ಣಿ ಕಸ್ತೂರಿ ಹಾಗೆನ್ನಲಿಲ್ಲ. ಬಂಗೂರನಗರದ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, ನನ್ನ ಕೈಗೆ ಬುತ್ತಿಯ ಗಂಟು ಕೊಟ್ಟು, "ಅಕ್ಕಾ, ಊರ ನೋಡೂದು ಆಮ್ಯಾಲ. ಮೊದ್ಲ ಆಕಿನ್ನ ನಮ್ಮಾಕಿ ಮಾಡ್ಕೊಂಡು ಬಾ," ಎಂದಳು.

ಆಕಿ ಎಂದರೆ ಪೈವಿ. ನಮ್ಮ ಕಂಪನಿಗೆ ಫಿನ್‌ಲ್ಯಾಂಡಿನಲ್ಲಿ ಇರುವ ಒಬ್ಬಳೇ ಕೆಲಸಗಾರ್ತಿ. ಎರಡು ವರ್ಷದಿಂದ ನಮಗಾಗಿ ದುಡಿಯುತ್ತಿದ್ದಳು. ನಮ್ಮಲ್ಲಿ ಯಾರೂ ಆಕೆಯನ್ನು ಎದುರಾಬದುರು ನೋಡಿರಲಿಲ್ಲ.

ಕಂಪನಿ ಎಂಬುದೇ ದೊಡ್ಡ ಮಾತು. ನನ್ನ ಮೈದುನನ ಹೆಂಡತಿಯಾದ ಕಸ್ತೂರಿಯೂ ನಾನೂ ಸೇರಿ ಹಳಿಯಾಳದಲ್ಲಿ ಒಂದು ರೊಟ್ಟಿ ಮನೆ ನಡೆಸುತ್ತೇವೆ. ಜೋಳದ ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಸುತ್ತಲಿನ ಹಳ್ಳಿಗಳ ಹೆಂಗಸರು ಬಂದು ರೊಟ್ಟಿ ಬಡಿಯುತ್ತಾರೆ. ಜೋಯಿಡಾದ ಕಾಡಿನಲ್ಲಿ ಹಕ್ಕಿ ನೋಡಲು ಬಂದಿದ್ದ ಫಿನ್‌ಲ್ಯಾಂಡಿನ ಹೆಂಗಸೊಬ್ಬಳಿಗೆ ಗೋಧಿ ಮೈಗೆ ಆಗುತ್ತಿರಲಿಲ್ಲ. ಹೋಂಸ್ಟೇಯಲ್ಲಿ ಇದ್ದಷ್ಟು ದಿನ ನಮ್ಮ ರೊಟ್ಟಿಯನ್ನೇ ತಿಂದು, ಹೋಗುವಾಗ ಚೀಲ ತುಂಬಿಸಿಕೊಂಡು ಹೋದಳು. ಆ ದೇಶದಲ್ಲಿ ಗೋಧಿ ಒಗ್ಗದವರು ಬಹಳ ಮಂದಿಯಂತೆ. ಮೊದಲು ಒಂದು ಅಂಗಡಿಯವರು ರೊಟ್ಟಿ ಕೇಳಿದರು, ಆಮೇಲೆ ಇನ್ನೊಂದು. ಹೀಗೆ ಬೆಳೆದು, ಅಂಗಡಿ ಅಂಗಡಿ ತಿರುಗಿ ಮಾರುವುದಕ್ಕೆ ಅಲ್ಲಿಯವರೇ ಒಬ್ಬರು ಬೇಕಾದರು.

ನಮ್ಮ ಹೆಸರಿನ ಕಂಪನಿ ಆ ದೇಶದಲ್ಲಿ ಇರಲಿಲ್ಲ. ಅದಿಲ್ಲದೆ ಆಳು ಇಡುವುದು ಹೇಗೆ? ಹುಬ್ಬಳ್ಳಿಯಲ್ಲಿ ನಮ್ಮ ಲೆಕ್ಕಪತ್ರ ನೋಡುವ ಸಾಹೇಬರು ಉಪಾಯ ಹೇಳಿದರು. ಹೆಲ್ಸಿಂಕಿಯಲ್ಲಿ ಇದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳಿವೆ. ಆಳು ಆರಿಸುವುದು, ಪಗಾರ ಕೊಡುವುದು, ತೆರಿಗೆ ಮುರಿಯುವುದು, ಪಿಂಚಣಿ ಕಟ್ಟುವುದು, ರಜೆ ನೋಡಿಕೊಳ್ಳುವುದು ಎಲ್ಲ ಅವರದು. ತಿಂಗಳಿಗೊಮ್ಮೆ ಒಟ್ಟು ಹಣ ಕಳಿಸುವುದಷ್ಟೇ ನಮ್ಮದು. ಕಾಗದದ ಮೇಲೆ ಆಳು ಅವರದು, ದುಡಿಮೆ ನಮ್ಮದು. "ಪಾಲಿಗೆ ಎಮ್ಮಿ ಕಟ್ಟಿದಂಗ ಆತಲ್ಲ," ಎಂದು ಕಸ್ತೂರಿ ನಕ್ಕಳು. ನಾನು ಆ ಸಂಸ್ಥೆಗೆ ಬಾಡಿಗೆ ಮಾಲಕರು ಎಂದು ಹೆಸರಿಟ್ಟೆ.

ನಗುತ್ತಲೇ ಹೆಸರಿಟ್ಟೆ. ಆದರೆ ಒಳಗೊಳಗೆ ಅದು ಚುಚ್ಚುತ್ತಿತ್ತು. ನಮ್ಮಪ್ಪ ಧಾರವಾಡದ ಕಡೆಯಿಂದ ದುಡಿಯಲು ದಾಂಡೇಲಿಗೆ ಬಂದವನು. ಕಾಗದದ ಗಿರಣಿಗೆ ಬರುವ ಬಿದಿರಿನ ಲಾರಿ ಇಳಿಸುತ್ತಿದ್ದ. ಆದರೆ ಅವನು ಗಿರಣಿಯ ಆಳಲ್ಲ, ಗುತ್ತಿಗೆದಾರನ ಆಳು. ಭೋಂಗಾ ಕೂಗಿ ಪಾಳಿ ಬಿಟ್ಟಾಗ ಕಾಯಂ ನೌಕರರು ಸೈಕಲ್ ಏರಿ ಕ್ವಾರ್ಟರ್ಸ್ ಕಡೆ ಹೋಗುವುದನ್ನು ರಸ್ತೆ ಬದಿಗೆ ನಿಂತು ನೋಡುತ್ತಿದ್ದ. "ಒಂದ್ ದಿವ್ಸ ರೋಲ್ ಮ್ಯಾಲೆ ಹೆಸರು ಬರ್ಲಿ ಗಿರಿಜಾ, ಆಮ್ಯಾಲ ನೋಡು," ಎನ್ನುತ್ತಿದ್ದ. ರೋಲ್ ಎಂದರೆ ಗಿರಣಿಯ ಕಾಯಂ ನೌಕರರ ಪಟ್ಟಿ. ಹೆಸರು ಬಾರದ್ದರಲ್ಲಿ ಯಾರ ತಪ್ಪೂ ಇರಲಿಲ್ಲ, ಎಲ್ಲರಿಗೂ ಜಾಗ ಇರಲಿಲ್ಲ ಅಷ್ಟೇ. ಅಪ್ಪ ಅದೇ ಆಸೆಯಲ್ಲಿ ತೀರಿಕೊಂಡ. ಅವನ ಮಗಳಾಗಿ ನಾನು ಇನ್ನೊಬ್ಬಳನ್ನು ಗುತ್ತಿಗೆಗೆ ಇಟ್ಟಿದ್ದೇನಲ್ಲ ಎಂದು ರೊಟ್ಟಿ ಕಟ್ಟುವಾಗೆಲ್ಲ ಅನಿಸುತ್ತಿತ್ತು.

ಅದಕ್ಕೇ ಈ ಪ್ರವಾಸ. ಅಲ್ಲಿ ನಮ್ಮದೇ ಒಂದು ಸಣ್ಣ ಕಂಪನಿ ತೆರೆಯಬೇಕು, ಪೈವಿಯನ್ನು ಬಾಡಿಗೆ ಮಾಲಕರಿಂದ ಬಿಡಿಸಿ ಕಾಯಂ ಮಾಡಿಕೊಳ್ಳಬೇಕು. ಖರ್ಚು ಹೆಚ್ಚಾಗುತ್ತಿತ್ತು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ," ಎಂದು ಮೊದಲು ಗೊಣಗಿದವಳು ಕಸ್ತೂರಿಯೇ. ಅಪ್ಪನ ಮಾತು ಎತ್ತಿದ ಮೇಲೆ ಸುಮ್ಮನಾದಳು.

ಹೆಲ್ಸಿಂಕಿ

ದಸರೆ ಹತ್ತಿರವಿತ್ತು. ಬನ್ನಿ ಅಲ್ಲಿ ಸಿಗುವುದಿಲ್ಲವೆಂದು ಕಸ್ತೂರಿ ಒಂದು ಹಿಡಿ ಬನ್ನಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಪೈವಿಗೆ ಉಡಿ ತುಂಬಲು ತೆಂಗಿನಕಾಯಿ, ಇಳಕಲ್ ಖಣ, ಅರಿಶಿಣ ಕುಂಕುಮ ಬೇರೆ. ಹೆಲ್ಸಿಂಕಿ ವಿಮಾನ ನಿಲ್ದಾಣದಲ್ಲಿ ಹಸಿರು ಬಾಗಿಲು, ಕೆಂಪು ಬಾಗಿಲು ಎಂದು ಎರಡಿದ್ದವು. ಹೇಳಿಕೊಳ್ಳುವಂಥ ಸಾಮಾನು ಇದ್ದವರು ಕೆಂಪಿಗೆ ಹೋಗಬೇಕು. ಎಲ್ಲರೂ ಹಸಿರಿನಲ್ಲಿ ಹೊರಟರು. ನಾನೊಬ್ಬಳು ಸತ್ಯಹರಿಶ್ಚಂದ್ರನ ಮೊಮ್ಮಗಳ ಹಾಗೆ ಕೆಂಪಿಗೆ ಹೋದೆ.

ಅಲ್ಲಿದ್ದ ಹುಡುಗಿ ಕೈಗವಸು ಹಾಕಿಕೊಂಡು ಗಂಟು ಬಿಚ್ಚಿದಳು. ತೆಂಗಿನಕಾಯಿಯನ್ನು ತಿರುಗಿಸಿ ನೋಡಿ, ಇದು ನಡೆಯುತ್ತದೆ ಎಂದಳು. ಬನ್ನಿಯನ್ನು ನೋಡಿ, ಇದು ಏನು ಎಂದಳು. ಬಂಗಾರ ಎಂದೆ. ಆಕೆ ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಇನ್ನೊಬ್ಬರನ್ನು ಕರೆದಳು. ದಸರೆಯ ದಿನ ನಮ್ಮ ಕಡೆ ಇದನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ, ಹಳೆಯ ಜಗಳ ಮರೆಯುತ್ತೇವೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ಇಬ್ಬರೂ ಬಹಳ ಗೌರವದಿಂದ ಕೇಳಿಸಿಕೊಂಡರು, ಅಷ್ಟೇ ಗೌರವದಿಂದ ಹಸಿ ಎಲೆಯನ್ನು ಮುಚ್ಚಳದ ಡಬ್ಬಿಗೆ ಹಾಕಿದರು. ಇಷ್ಟು ದೂರ ಬಂದು ಬಂಗಾರ ಕಳೆದುಕೊಂಡೆನಲ್ಲ ಎಂದು ಹೊರಗೆ ಬಂದು ಕಣ್ಣು ಒರೆಸಿಕೊಂಡೆ.

ಬಾಡಿಗೆ ಮಾಲಕರ ಕಚೇರಿಗೆ ಅದೇ ದಿನ ಹೋದೆ. ಮಿಕಾ ಎಂಬ ಎತ್ತರದ ಮನುಷ್ಯ ನಮ್ಮ ಕೆಲಸ ನೋಡುತ್ತಿದ್ದ. ಕಚೇರಿ ಎಂದರೆ ಗದ್ದಲ ಇರಬೇಕಲ್ಲವೇ? ಅಲ್ಲಿ ಅಷ್ಟು ಜನ ಕೂತಿದ್ದರೂ ನನ್ನ ಬಳೆಯ ಸದ್ದು ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಮಿಕಾ ಕಾಫಿ ಕೊಟ್ಟ. ಊಟ ಆಯಿತೇ, ಪ್ರಯಾಣ ಹೇಗಾಯಿತು, ಮಕ್ಕಳೆಷ್ಟು, ಒಂದನ್ನೂ ಕೇಳಲಿಲ್ಲ. ನಾನೇ ಕೇಳಿದೆ. ಪಾಪ, ಕಿವಿ ಕೆಂಪಾಗಿಸಿಕೊಂಡು ಉತ್ತರ ಕೊಟ್ಟ.

ನಾನು ಬಂದ ಕಾರಣ ಹೇಳಿದಾಗ ಆತ ಬೇಸರಪಟ್ಟುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಗಿರಾಕಿ ಕೈತಪ್ಪಿದರೆ ನಮ್ಮ ಅಂಗಡಿಕಾರರು ಹೇಗೆ ಮುಖ ಮಾಡುತ್ತಾರೆ, ಗೊತ್ತಲ್ಲ. ಆತ ಶಾಂತವಾಗಿ, "ನಮ್ಮ ಅಡ್ಡಿ ಏನಿಲ್ಲ. ಪೈವಿ ಒಪ್ಪಬೇಕು, ಅಷ್ಟೇ," ಎಂದ.

ಒಪ್ಪದೇ ಇರುತ್ತಾಳೆಯೇ? ನನಗೆ ನಗು ಬಂತು. ಕಾಯಂ ಮಾಡಿಕೊಳ್ಳುತ್ತೇನೆ ಎಂದರೆ ಬೇಡವೆನ್ನುವ ಮನುಷ್ಯರನ್ನು ನಾನು ದಾಂಡೇಲಿಯಲ್ಲಿ ಕಂಡಿರಲಿಲ್ಲ.

ತಾಂಪೆರೆ

ಪೈವಿಯ ಊರು ತಾಂಪೆರೆ. ಹೆಲ್ಸಿಂಕಿಯಿಂದ ರೈಲು. ರೈಲಿನ ತುಂಬ ಜನ, ಮಾತೇ ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ನಾವು ಎದುರಿನವರ ಮಗಳಿಗೆ ಗಂಡು ಹುಡುಕಿ ಮುಗಿಸಿರುತ್ತೇವೆ. ಇಲ್ಲಿ ಪಕ್ಕದವನಿಗೆ ಒಂದು ರೊಟ್ಟಿ ಮುರಿದು ಕೊಡಲು ಹೋದೆ. ಆತ ಬೆಚ್ಚಿ, ವಂದನೆ ಹೇಳಿ, ತೆಗೆದುಕೊಂಡು, ಇಳಿಯುವವರೆಗೂ ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದ.

ಫೋಟೋ ನೋಡಿದ್ದರಿಂದ ನಿಲ್ದಾಣದಲ್ಲಿ ಪೈವಿಯ ಗುರುತು ತಕ್ಷಣ ಸಿಕ್ಕಿತು. ಹೆಚ್ಚುಕಡಿಮೆ ನನ್ನದೇ ವಯಸ್ಸು, ನರೆತ ಮೋಟು ಕೂದಲು, ಹಳದಿ ಜಾಕೆಟ್ಟು. ನಾನು ಓಡಿಹೋಗಿ ತಬ್ಬಿಕೊಂಡೆ. ಆಕೆ ಕಂಬದ ಹಾಗೆ ನಿಂತಳು. ಬಿಟ್ಟ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಕೈ ಕುಲುಕಿದಳು. ಇಲ್ಲಿ ಬಸ್ಸಿಗೆ ಕಾಯುವವರೂ ನಡುವೆ ಎತ್ತಿನ ಗಾಡಿ ಹಾಯುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಇನ್ನೊಂದು ವಿಚಿತ್ರ. ನಾನು ಏನು ಹೇಳಿದರೂ ಪೈವಿ ಹೌದು ಎನ್ನುವುದನ್ನು ಉಸಿರು ಒಳಗೆಳೆದುಕೊಂಡು ಹೇಳುತ್ತಿದ್ದಳು, ಕಾಲಿಗೆ ಮುಳ್ಳು ಚುಚ್ಚಿದವರ ಹಾಗೆ. ದಮ್ಮು ಇದೆಯೇನೋ ಎಂದು ನನಗೆ ಗಾಬರಿಯಾಯಿತು. ಶುಂಠಿ ಕಷಾಯ ಮಾಡಿಕೊಡಲೇ ಎಂದು ಕೇಳಿಯೂಬಿಟ್ಟೆ. ಆಕೆ ಮೊದಲ ಸಲ ನಕ್ಕಳು. ಅಲ್ಲಿ ಎಲ್ಲರೂ ಹಾಗೆಯೇ ಹೌದು ಎನ್ನುತ್ತಾರಂತೆ.

ಊರು ನೋಡಿ ನನಗೆ ಕಾಳಿ ಹೊಳೆ ನೆನಪಾಯಿತು. ನಡುವೆ ಭೋರ್ಗರೆಯುವ ನೀರು, ಎರಡೂ ದಂಡೆಗೆ ಕೆಂಪು ಇಟ್ಟಿಗೆಯ ಹಳೆಯ ಗಿರಣಿಗಳು. ಈಗ ಅವುಗಳಲ್ಲಿ ಹೋಟೆಲು, ಸಿನಿಮಾ. ಚಿಮಣಿಗಳು ಮಾತ್ರ ಹೊಗೆಯಿಲ್ಲದೆ ನಿಂತಿವೆ. ದಾಂಡೇಲಿ ಇಷ್ಟು ಬೇಗ ನೆನಪಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಪೈವಿಯ ಮನೆಯ ಬಾಗಿಲಲ್ಲಿ ಚಪ್ಪಲಿ ಕಳಚಬೇಕು ಎಂದಾಗ ಜೀವಕ್ಕೆ ಹಿತವಾಯಿತು. ಒಬ್ಬಳೇ ಇದ್ದಾಳೆ. ಅಡುಗೆಮನೆಯಲ್ಲಿ ಸೂರಿನ ಕೆಳಗೆ ಒಂದು ಕೋಲು, ಕೋಲಿಗೆ ನಡುವೆ ತೂತಿರುವ ಕಪ್ಪು ರೊಟ್ಟಿಗಳನ್ನು ಪೋಣಿಸಿದ್ದಳು. ಹಿಂದಿನವರು ಹೀಗೆ ರೊಟ್ಟಿ ಒಣಗಿಸಿ ಚಳಿಗಾಲ ಕಳೆಯುತ್ತಿದ್ದರಂತೆ, ಈಗ ಯಾರೂ ಮಾಡುವುದಿಲ್ಲವಂತೆ. "ನಿಮ್ಮ ರೊಟ್ಟಿ ಮಾರುವಾಗ ನಾನು ಇದನ್ನೇ ಹೇಳುತ್ತೇನೆ," ಎಂದಳು. "ನಮ್ಮ ಅಜ್ಜಿಯರ ರೊಟ್ಟಿಯ ತಂಗಿ ಬಂದಿದ್ದಾಳೆ ಅಂತ." ನಮ್ಮಿಬ್ಬರ ಇಂಗ್ಲಿಷೂ ಕುಂಟುತ್ತಿತ್ತು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಎರಡು ವರ್ಷದಲ್ಲಿ ಇಂಥ ಒಂದು ಮಾತನ್ನೂ ಬಾಡಿಗೆ ಮಾಲಕರು ನಮಗೆ ಮುಟ್ಟಿಸಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಲ್ಲಿಯೇ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಮಡಿಲಿಗೆ ಖಣ, ಅಕ್ಕಿ, ತೆಂಗಿನಕಾಯಿ ಹಾಕಿದೆ. ಸೆರಗಿಲ್ಲದ್ದಕ್ಕೆ ಅಡುಗೆಯ ಏಪ್ರನ್ ಹಿಡಿಸಿದೆ. ಹಿಡಿಸಿದ ಮೇಲೆ ಹೇಳಿದೆ: ಇನ್ನು ನೀನು ಅವರ ಆಳಲ್ಲ, ನಮ್ಮಾಕಿ, ಕಾಯಂ.

ಪೈವಿ ತೆಂಗಿನಕಾಯಿಯನ್ನು ನೋಡುತ್ತ ಬಹಳ ಹೊತ್ತು ಕೂತಳು. "ನಾನು ಯೋಚಿಸಬೇಕು," ಎಂದಳು.

ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದೆ. ನಮ್ಮಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿ ತಲೆ ತಗ್ಗಿಸಿದರೆ ಒಪ್ಪಿದಳೆಂದೇ ಅರ್ಥ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಕಸ್ತೂರಿಗೆ ಫೋನ್ ಮಾಡಿ ಕೆಲಸ ಆಯಿತು ಎಂದೆ. "ಆತೇನು? ಭಾಳ ಚೊಲೋ ಆತು ನೋಡ ಅಕ್ಕಾ!" ಎಂದು ಆಕೆ ಅಲ್ಲಿಂದಲೇ ಕೂಗಿದಳು. ಹಿಂದೆಯೇ ರೊಟ್ಟಿ ಮನೆಯ ಹೆಂಗಸರ ಗದ್ದಲ, ಹಂಚಿನ ಸದ್ದು, ಯಾರದೋ ಕೆಮ್ಮು ಎಲ್ಲ ಕೇಳಿಸಿತು. ಫೋನ್ ಇಟ್ಟ ಮೇಲೆ ಆ ಸದ್ದಿಗಾಗಿ ಮನಸ್ಸು ಹಪಹಪಿಸಿತು. ಸಂಜೆಗೆ ಕಸ್ತೂರಿ ಎಲ್ಲರಿಗೂ ಧಾರವಾಡ ಪೇಢೆ ಹಂಚಿದ ಫೋಟೋ ಬಂತು.

ಗಿರಣಿಯ ಊರು

ಮರುದಿನ ಪೈವಿ ತನ್ನ ಕಾರಿನಲ್ಲಿ ನನ್ನನ್ನು ದೂರದ ಒಂದು ಅಂಗಡಿಗೆ ಕರೆದೊಯ್ದಳು. ದಾರಿಯ ಎರಡೂ ಬದಿಗೆ ಕಾಡು. ನಮ್ಮ ಕುಳಗಿ ದಾರಿಯ ಹಾಗೆ ಕಾಡಲ್ಲ. ಬಳ್ಳಿಯಿಲ್ಲ, ಮಂಗ ಇಲ್ಲ, ಎಲ್ಲ ಗಿಡಗಳೂ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಕಾಡು ಕಾಡಿನ ಹಾಗೆ ಗೋಜಲಾಗಿರದಿದ್ದರೆ ನನಗೆ ಸಮಾಧಾನವಾಗುವುದಿಲ್ಲ.

ಅಂಗಡಿಯಲ್ಲಿ ನಮ್ಮ ರೊಟ್ಟಿ ಕಂಡಾಗ ಕಣ್ಣು ತುಂಬಿತು. ಪೊಟ್ಟಣದ ಮೇಲೆ ರೊಟ್ಟಿ ಬಡಿಯುವ ಎರಡು ಕೈಗಳ ಚಿತ್ರವಿದೆ. ಹಸಿರು ಬಳೆ, ಉಗುರಿನ ಸಂದಿಗೆ ಹಿಟ್ಟು. ಅದು ನಮ್ಮ ಗಂಗವ್ವನ ಕೈ. ಅತ್ತಿವೇರಿಯ ಕಡೆಯವಳು, ಮೊದಲ ದಿನದಿಂದ ನಮ್ಮ ಜೊತೆ ಇದ್ದಾಳೆ. ಪೈವಿ ಆ ಚಿತ್ರ ಎದುರಿಗೆ ಕಾಣುವಂತೆ ಪೊಟ್ಟಣಗಳನ್ನೆಲ್ಲ ತಿರುಗಿಸಿ ಇಟ್ಟಳು. ಯಾರ ಕೈ ಎಂದು ಕೇಳಿದಳು. ಹೇಳಿದೆ. ಆ ಹೆಸರನ್ನು ಎರಡು ಸಲ ಹೇಳಿ ಕಲಿತಳು.

ಮರಳುವಾಗ ಒಂದು ತಿರುವಿನಲ್ಲಿ ವಾಸನೆ ಬಂತು. ಕೊಳೆತ ಕೋಸಿನ ಹಾಗೆ, ಮೊಟ್ಟೆಯ ಹಾಗೆ. ದಾಂಡೇಲಿಯಲ್ಲಿ ಬೆಳೆದವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಮರದ ತಿರುಳು ಬೇಯುವ ವಾಸನೆ. ಎದುರಿಗೆ ಗಿರಣಿಯ ಬಿಳಿ ಹೊಗೆ ಏಳುತ್ತಿತ್ತು. ಪೈವಿ ಕ್ಷಮೆ ಕೇಳಿ ಕಾರಿನ ಗಾಜು ಏರಿಸಲು ಹೋದಳು. ಬೇಡ ಎಂದೆ, ನನ್ನ ಕಡೆಯ ಗಾಜನ್ನು ಪೂರಾ ಇಳಿಸಿದೆ. ಮೂಗು ಕೊಯ್ಯುವ ಚಳಿಗಾಳಿಯಲ್ಲಿ ಅಪ್ಪನ ಅಂಗಿ, ಅಪ್ಪನ ಟಾವೆಲ್ಲು, ಬಾಗಿಲಿಗೆ ಬಂದು ನಿಲ್ಲುವ ಅಪ್ಪ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವನನ್ನು ನೋಡಬೇಕೆಂದು ಅಷ್ಟು ಆಸೆ ಅವನು ತೀರಿಕೊಂಡ ವರ್ಷವೂ ಆಗಿರಲಿಲ್ಲ.

ಪೈವಿ ಕಾರನ್ನು ಬದಿಗೆ ನಿಲ್ಲಿಸಿದಳು. ಏನಾಯಿತು ಎಂದು ಕೇಳಲಿಲ್ಲ. ನಾನು ಅತ್ತು ಮುಗಿಸುವವರೆಗೆ ಎದುರಿನ ಗಾಜನ್ನೇ ನೋಡುತ್ತ ಕೂತಿದ್ದಳು. ಆ ಸುಮ್ಮನಿರುವಿಕೆಯಲ್ಲಿ ಒಂದು ಸಹಾಯವಿತ್ತು ಎಂದು ಆಗ ಅನಿಸಿತು. ಕೊನೆಗೆ ನಾನೇ ಅಪ್ಪನ ಬಗ್ಗೆ ಹೇಳಿದೆ. ಬಿದಿರಿನ ಲಾರಿ, ಗುತ್ತಿಗೆದಾರ, ರೋಲ್, ಬಾರದ ಹೆಸರು. ಅದಕ್ಕಾಗಿಯೇ ನಿನ್ನನ್ನು ಬಿಡಿಸಿಕೊಳ್ಳಲು ಬಂದೆ ಎಂದೆ.

"ನನ್ನ ಅಪ್ಪನೂ ಗಿರಣಿಯವನೇ," ಎಂದಳು ಪೈವಿ. "ಇದಲ್ಲ, ಇಂಥದೇ ಇನ್ನೊಂದು ಊರಿನದು. ಶಾಲೆ ಬಿಟ್ಟ ವರ್ಷವೇ ರೋಲ್ ಮೇಲೆ ಹೋದ. ನಿಮ್ಮ ಅಪ್ಪನಿಗೆ ಬೇಕಾಗಿದ್ದದ್ದೆಲ್ಲ ನನ್ನ ಅಪ್ಪನಿಗೆ ಇತ್ತು. ಗಿರಣಿಯ ಮನೆ, ಗಿರಣಿಯ ಕ್ಲಬ್ಬು, ಗಿರಣಿಯ ಹಬ್ಬ. ಒಂದು ವಸಂತದಲ್ಲಿ ಗಿರಣಿ ಮುಚ್ಚಿತು. ಅಪ್ಪ ಆಮೇಲೂ ಬೆಳಗ್ಗೆ ಎದ್ದು ಊಟದ ಡಬ್ಬಿ ಕಟ್ಟಿಕೊಂಡು ಬೇಲಿಯವರೆಗೆ ಹೋಗಿ ಬರುತ್ತಿದ್ದ."

ಆಕೆ ಸ್ಟಿಯರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

"ಗಿರಿಜಾ, ನಾನು ನಿಮ್ಮನ್ನು ನಂಬುತ್ತೇನೆ. ಆದರೆ ನಿಮ್ಮ ಕಂಪನಿ ಒಂದು ಅಡುಗೆಮನೆ. ಜೋಳ ಬೆಳೆಯದಿದ್ದರೆ, ಹಡಗು ತಡವಾದರೆ, ಅದು ಇರುವುದಿಲ್ಲ. ನಿಮ್ಮ ಬಾಡಿಗೆ ಮಾಲಕರ ಹತ್ತಿರ ನನಗೆ ಭಯವಿಲ್ಲ. ನಿಮ್ಮ ಕೆಲಸ ನಿಂತರೂ ಅವರು ಇನ್ನೊಂದು ಕೆಲಸ ಹುಡುಕುತ್ತಾರೆ. ಪಿಂಚಣಿ, ರಜೆ, ಔಷಧ ಎಲ್ಲ ಕಾಯಂ ನೌಕರರಿಗೆ ಹೇಗೋ ಅವರಲ್ಲಿ ನನಗೂ ಹಾಗೆಯೇ. ನಾನು ರೊಟ್ಟಿ ಮಾರುತ್ತೇನೆ, ಬಹಳ ಇಷ್ಟಪಟ್ಟು ಮಾರುತ್ತೇನೆ. ಆದರೆ ನನ್ನನ್ನು ಅಲ್ಲಿಯೇ ಬಿಡಿ."

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಕಡಲು ದಾಟಿ, ಖಣ ಹೊತ್ತು, ಪೇಢೆ ಹಂಚಿಸಿ ಬಂದವಳಿಗೆ ಇವಳು ಅಡುಗೆಮನೆ ಎನ್ನುತ್ತಾಳಲ್ಲ ಎಂದು. ಆದರೆ ಆ ಮಾತು ನಿಜ. ಹೋದ ಮಳೆಗಾಲದಲ್ಲಿ ಜೋಳದ ದರ ಏರಿದಾಗ ಕಸ್ತೂರಿ ತನ್ನ ಬಳೆ ಒತ್ತೆ ಇಟ್ಟದ್ದನ್ನು ನಾನು ಪೈವಿಗೆ ಹೇಳಿರಲಿಲ್ಲ.

ಕಾರು ಹೊರಟ ಮೇಲೆ ಪೈವಿ ಕೇಳಿದಳು, "ಗಂಗವ್ವ ಯಾರ ರೋಲ್ ಮೇಲಿದ್ದಾರೆ?"

ಆಕೆ ಚುಚ್ಚಲು ಕೇಳಲಿಲ್ಲ, ತಿಳಿಯಲು ಕೇಳಿದಳು. "ಗಂಗವ್ವ ನಮ್ಮ ಮನೆಯವಳ ಹಾಗೆ," ಎಂದೆ ನಾನು. ಬಡಿದಷ್ಟು ರೊಟ್ಟಿಗೆ ಅಂದಂದೇ ಕೂಲಿ. ಬಾರದ ದಿನ ಕೂಲಿ ಇಲ್ಲ. ಜ್ವರ ಬಂದರೆ ನಾವೇ ಗುಳಿಗೆ ಕೊಡಿಸುತ್ತೇವೆ, ಹಬ್ಬಕ್ಕೆ ಸೀರೆ ಕೊಡುತ್ತೇವೆ. ಮನೆಯವರಿಗೆ ಎಂಥ ರೋಲು ಎಂದು ನಮಗೆ ಎಂದೂ ಹೊಳೆದೇ ಇರಲಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ಪೈವಿ ಉಸಿರು ಒಳಗೆಳೆದು ಹೌದು ಎಂದಳು.

ತಾಂಪೆರೆಯಲ್ಲಿ ವಿಜಯದಶಮಿ

ಹಬ್ಬದ ದಿನ ನಾನು ಇಳಿದುಕೊಂಡಿದ್ದ ಬಾಡಿಗೆ ಕೋಣೆಯಲ್ಲಿ ಬೆಳಗ್ಗೆಯೇ ಮನೆ ನೆನಪಾಯಿತು. ಈ ಹೊತ್ತಿಗೆ ದಾಂಡೇಲಿಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿರುತ್ತಾರೆ. ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಟ್ಟು ದೊಡ್ಡವರ ಕಾಲಿಗೆ ಬೀಳುತ್ತಾರೆ. ಹೊರಗಿನ ಹಿಮದಂಥ ಬೆಳಕಿನಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಪೈವಿಗೆ ಅಂದು ರಜೆ. ರಜೆಯ ದಿನ ಇಲ್ಲಿ ಯಾರೂ ಯಾರಿಗೂ ಕೆಲಸದ ಕರೆ ಮಾಡುವುದಿಲ್ಲವಂತೆ. ನಾನೂ ಮಾಡಲಿಲ್ಲ.

ಕಸ್ತೂರಿಗೆ ಮಾಡಿದೆ. ಪೈವಿ ಒಪ್ಪಲಿಲ್ಲ ಎಂದು ಹೇಳಿದೆ. ಆಕೆ, "ಪೇಢೆ ಹಂಚಿ ಆಗೈತಲ್ಲ ಅಕ್ಕಾ. ಈಗ ವಾಪಸ್ ಇಸ್ಕೊಳ್ಳಾಕ ಬರ್ತೈತೇನು?" ಎಂದಳು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಗಂಗವ್ವನ ವಿಷಯ ಹೇಳಿದೆ. "ಬಂದ ಮ್ಯಾಲೆ ಮಾತಾಡೂಣು," ಎಂದಳು. ಆ ದನಿಯಲ್ಲಿ ಆಕೆಗೂ ತಾಗಿದ್ದು ಗೊತ್ತಾಗುತ್ತಿತ್ತು.

ಮಧ್ಯಾಹ್ನ ಬಾಗಿಲ ಗಂಟೆ ಸದ್ದು ಮಾಡಿತು. ನೋಡಿದರೆ ಪೈವಿ. ಹೇಳದೆ ಕೇಳದೆ ಇನ್ನೊಬ್ಬರ ಬಾಗಿಲಿಗೆ ಹೋಗುವುದು ಆ ದೇಶದಲ್ಲಿ ಎಂಥ ಸಾಹಸವೆಂದು ನನಗೆ ಅಷ್ಟರಲ್ಲಿ ತಿಳಿದಿತ್ತು. "ಇವತ್ತು ನಿಮ್ಮ ಹಬ್ಬವೆಂದು ಹೇಳಿದ್ದಿರಿ," ಎಂದಳು. ಆಕೆಯ ಕೈಯಲ್ಲಿ ಕಾಡಿನ ಕೆಂಪು ಹಣ್ಣಿನ ಒಂದು ಡಬ್ಬಿ ಇತ್ತು.

ಇಬ್ಬರೂ ಹೊಳೆಯ ದಂಡೆಗೆ ಹೋದೆವು. ಅಲ್ಲಿ ಬಿಳಿ ಬೊಡ್ಡೆಯ ಬರ್ಚ್ ಮರಗಳು. ಎಲೆಯೆಲ್ಲ ಹಳದಿಯಾಗಿ ಉದುರುತ್ತಿದ್ದವು. ನಾನು ಒಂದು ಎಲೆ ಎತ್ತಿಕೊಂಡು ಪೈವಿಯ ಕೈಯಲ್ಲಿಟ್ಟು ನಮ್ಮ ಮಾತಿನಲ್ಲೇ, "ಬಂಗಾರ ತಗೊಂಡು ಬಂಗಾರದಂಗ ಇರೂಣು," ಎಂದೆ. ಅರ್ಥ ಹೇಳಿದೆ. ಆಕೆ ಬಗ್ಗಿ ಬಹಳ ಹುಡುಕಿ, ಒಂದೂ ಕಲೆಯಿಲ್ಲದ ಎಲೆ ಆರಿಸಿ ನನಗೆ ಕೊಟ್ಟಳು. ಈ ಸಲ ಆಕೆಯೇ ತಬ್ಬಿಕೊಂಡಳು. ಬಾಡಿಗೆ ಮಾಲಕರ ಕರಾರನ್ನು ಮುಂದುವರಿಸಿ ಎಂದು ನಾನು ಮಿಕಾನಿಗೆ ಮರುದಿನ ತಿಳಿಸಿದೆ. ನೋವಾಯಿತು. ಆದರೂ ತಿಳಿಸಿದೆ.

ಹಳಿಯಾಳ

ಹುಬ್ಬಳ್ಳಿಯಲ್ಲಿ ಇಳಿದವಳು ಮೊದಲು ಲೆಕ್ಕದ ಸಾಹೇಬರನ್ನು ಕಂಡೆ. ನಮ್ಮ ಹೆಂಗಸರನ್ನೆಲ್ಲ ರೋಲ್ ಮೇಲೆ ತರಬೇಕು, ತಿಂಗಳ ಪಗಾರ, ಪಿ.ಎಫ್., ರಜೆ ಎಲ್ಲ ನೀವೇ ನೋಡಿಕೊಳ್ಳಬೇಕು ಎಂದೆ. "ಅಂದ್ರ ಇಲ್ಲೂ ಬಾಡಿಗಿ ಮಾಲಕರು ಬೇಕಾತೇನ್ರಿ?" ಎಂದು ಅವರು ನಕ್ಕರು. "ಇಲ್ರಿ," ಎಂದೆ, "ಲೆಕ್ಕ ನಿಮ್ದು, ಹೆಸರು ನಮ್ದು." ಖರ್ಚಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಫಿನ್‌ಲ್ಯಾಂಡಿನಲ್ಲಿ ಕಂಪನಿ ತೆರೆಯಲು ಎತ್ತಿಟ್ಟಿದ್ದು ಹಾಗೆಯೇ ಉಳಿದಿತ್ತು.

ರೊಟ್ಟಿ ಮನೆಗೆ ಹೋದಾಗ ಎಲ್ಲ ಹಂಚುಗಳೂ ಕಾದಿದ್ದವು. ಜೋಳದ ಹಿಟ್ಟಿನ ಆ ಬಿಸಿ ವಾಸನೆಗೆ, ಆ ಪಟಪಟ ಸದ್ದಿಗೆ ಎಷ್ಟು ಹಂಬಲಿಸಿದ್ದೆನೆಂದು ಬಾಗಿಲಲ್ಲಿ ನಿಂತಾಗಲೇ ಗೊತ್ತಾದದ್ದು. ಕಸ್ತೂರಿ ಎಲ್ಲರನ್ನೂ ಸುಮ್ಮನಿರಿಸಿ ವಿಷಯ ಹೇಳು ಎಂದಳು. ಹೇಳಿದೆ. ಯಾರೂ ಕುಣಿಯಲಿಲ್ಲ. ಒಬ್ಬಳು, ಕೂಲಿ ಮುರಿಯಲು ಇದೊಂದು ಹೊಸ ಹೂಟ ಇರಬೇಕೆಂದು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಇನ್ನೊಬ್ಬಳು ಗಂಡನನ್ನು ಕೇಳಿ ಹೇಳುತ್ತೇನೆ ಎಂದಳು.

ಗಂಗವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಕೇಳಿದಳು:

"ಅಕ್ಕಾರ, ಪಗಾರ ತಿಳೀತ್ರಿ. ರಜಾ ಅಂದ್ರ ಏನ್ರಿ?"

"ರಜಾ ಅಂದ್ರ ನೀ ಬರದ ದಿವ್ಸನೂ ನಿನ್ನ ಪಗಾರ ನಡೀತೈತಿ, ಗಂಗವ್ವ."

"ಜಡ್ಡು ಆದ್ರ?"

"ಜಡ್ಡು ಆದ್ರೂ. ಆಗದಿದ್ರೂ."

"ನಾ ಬರಲಿಲ್ಲಂದ್ರೂ ನಾ ಇಲ್ಲಿಯಾಕಿನ?"

"ಇಲ್ಲಿಯಾಕಿನ."

ಆಕೆ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬುವವರೆಗೆ ನೋಡಿದಳು. ತೆಗೆದು ಬುಟ್ಟಿಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತಳು.

"ಹಂಗಾರ ನಾಳೆ ನಾ ಬರೂದಿಲ್ರಿ," ಎಂದಳು. "ಜೋಯಿಡಾ ಕಡೆ ರಾಮನಗರದಾಗ ನಮ್ಮ ಅಕ್ಕ ಅದಾಳ. ಒಂದಿನ ಹೋಗ್ಬೇಕು, ಒಂದಿನ ಹೋಗ್ಬೇಕು ಅಂತ ಅನ್ಕೋತನ ಮುದುಕಿ ಆದ್ನಿ. ನಾಳೆ ಹೋಗಿ, ಊಟಾ ಮಾಡಿ, ಆಕಿ ಬಾಜೂಕ ಸುಮ್ನ ಕುಂತು ಬರ್ತೇನಿ."

ಮರುದಿನ ಗಂಗವ್ವ ಬರಲಿಲ್ಲ.